ತಡೆದ ಹುಡುಕಾಟ ಹದಿನಾಲ್ಕು

ಸೆಪ್ಟೆಂಬರ್ 1, ಭಾನುವಾರ

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೆಂಡತಿಯನ್ನು ಹತ್ತಿಸಿ ಬಂದೆ. ಡಯಾಲಿಸಿಸ್ ವಿಭಾಗದ ತರಬೇತಿ, ಐದು ವಾರ. ಆಸ್ಪತ್ರೆಯ ಹನ್ನೊಂದು ನರ್ಸುಗಳಲ್ಲಿ ಇವಳೊಬ್ಬಳನ್ನೇ ಆರಿಸಿದ್ದಾರೆ. ನಮ್ಮ ಮದುವೆಯಾಗಿ ಎಂಟು ತಿಂಗಳು. ಅವಳ ಮೊದಲ ಗಂಡ ತೀರಿಕೊಂಡು ನಾಲ್ಕು ವರ್ಷ. ನಲವತ್ನಾಲ್ಕರವರೆಗೆ ಒಂಟಿಯಾಗಿ ಬದುಕಿದ ಒಬ್ಬ ಲಿಫ್ಟ್ ಮೆಕ್ಯಾನಿಕ್ಕಿನ ಕೈಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಒಪ್ಪಿಸಿ ಹೋಗಿದ್ದಾಳೆ. ಅವಳ ಧೈರ್ಯ ದೊಡ್ಡದು.

ಸರ್ವಿಸ್ ಪುಸ್ತಕ ಬರೆದು ರೂಢಿಯಾದ ಕೈ ನನ್ನದು. ಅವಳು ಬರುವವರೆಗೆ ಮನೆಯದೂ ಒಂದು ಬರೆದಿಡೋಣ ಅಂತ ಇದನ್ನು ಶುರುಮಾಡಿದ್ದೇನೆ. ಯಾರಿಗೂ ತೋರಿಸೋಕಲ್ಲ.

ಬಸ್ಸು ಹೊರಟಾಗ ಕಿಟಕಿಯಿಂದ ಹೇಳಿದ ಕೊನೆಯ ಮಾತು ಇದು: "ಆ ರೌಟರ್ ಇವತ್ತೇ ಹಾಕಿಬಿಡಿ. ನಾನಿಲ್ಲ ಅಂತ ಇಬ್ಬರೂ ಟ್ಯಾಬ್‌ಗೆ ಅಂಟಿಕೊಂಡ್ಬಿಡ್ತಾರೆ. ಕಾಲ ಕೆಟ್ಟಿದೆ, ಏನೇನೋ ಬರುತ್ತೆ ಅದರಲ್ಲಿ." ಮಕ್ಕಳಿಗೆ ಬೇಡದ ಪುಟಗಳನ್ನು ತಾನೇ ತಡೆಯುವ ರೌಟರ್. ಒಂದು ವಾರದಿಂದ ಬಟ್ಟೆ ಬೀರುವಿನ ಮೇಲೆ ಹಾಗೇ ಕೂತಿತ್ತು.

ಇಪ್ಪತ್ತು ಮಹಡಿಯ ಲಿಫ್ಟ್ ನನ್ನ ಮಾತು ಕೇಳುತ್ತದೆ. ಅಂಗೈಯಗಲದ ಈ ಡಬ್ಬಿ ಮಧ್ಯಾಹ್ನದವರೆಗೆ ನನಗೆ ನೀರು ಕುಡಿಸಿತು. ಕೆಳಗೆ ಅಂಟಿಸಿದ ಚೀಟಿಯ ಅಕ್ಷರ ಓದೋಕೆ ಟಾರ್ಚು ಬೇಕಾಯಿತು. ಮೂರು ಸಲ ಎಲ್ಲ ಅಳಿಸಿ ಮೊದಲಿಂದ ಹಾಕಿದೆ. ದೀಪ ಕೆಂಪಗೇ ಇತ್ತು. ನೀರು ಕುಡಿಯೋಕೆ ಬಂದ ದೊಡ್ಡವಳು ಒಂದು ನಿಮಿಷ ನಿಂತು ನೋಡಿ, "ಹೊರಗಿಂದ ಬರೋ ತಂತಿ ಇನ್ನೂ ಹಳೇ ರೌಟರ್‌ನಲ್ಲೇ ಇದೆ" ಅಂದು ಹೋದಳು. ಅಷ್ಟೇ. ನಗಲೂ ಇಲ್ಲ. ಹದಿಮೂರು ವರ್ಷ ಅವಳಿಗೆ. ಎಂಟು ತಿಂಗಳಲ್ಲಿ ನನ್ನ ಜೊತೆ ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪುಟ ತುಂಬಲಿಕ್ಕಿಲ್ಲ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಚಿಕ್ಕವಳಿಗೆ ಏಳು, ಎಲ್ಲರಿಗೂ ಗುಬ್ಬಿ. ಅವಳಿಗೆ ನಾನು ಲಿಫ್ಟ್ ಅಂಕಲ್.

ದೀಪ ಹಸಿರಾದ ಮೇಲೆ ಮೂವತ್ತೊಂದು ಬಗೆಯ ವಿಷಯಗಳ ಪಟ್ಟಿ ಬಂತು. ಜೂಜು, ಹಿಂಸೆ, ಅಪರಿಚಿತರ ಜೊತೆ ಹರಟೆ, ಆತ್ಮಹಾನಿ, ಇನ್ನೂ ಏನೇನೋ. ಒಂದನ್ನೂ ಬಿಡದೆ ಎಲ್ಲಕ್ಕೂ ಬೀಗ ಹಾಕಿದೆ. ಕೊನೆಯಲ್ಲಿ 'ನಿಮ್ಮ ಭಾಷೆಯ ಪದಗಳನ್ನು ಸೇರಿಸಿ' ಅಂತ ಒಂದು ಖಾಲಿ ಜಾಗ. ಕೂತು ನಲವತ್ತಾರು ಪದ ಬರೆದೆ. ಇಷ್ಟೊಂದು ಪೋಲಿ ಮಾತು ನನಗೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಇದರದೇ ಒಂದು ಆ್ಯಪ್ ಮಕ್ಕಳ ಟ್ಯಾಬ್‌ಗೂ ಹಾಕಬೇಕು. ದೊಡ್ಡವಳು ತನ್ನದನ್ನು ಕೊಡುವಾಗ ಕೇಳಿದಳು, "ನಾನು ಹುಡುಕಿದ್ದೆಲ್ಲ ನಿಮಗೆ ಕಾಣುತ್ತಾ?"

"ತಡೆದದ್ದು ಮಾತ್ರ. ದಿನಾ ನಾಲ್ಕು ಗಂಟೆಗೆ ನನ್ನ ಫೋನಿಗೆ ವರದಿ ಬರುತ್ತೆ."

"ಸರಿ" ಅಂದಳು. ಬೇರೆ ಮಕ್ಕಳಾಗಿದ್ದರೆ ಮನೆ ತಲೆಮೇಲೆ ಮಾಡುತ್ತಿದ್ದವು.

ಸೆಪ್ಟೆಂಬರ್ 4, ಬುಧವಾರ

ಗುಬ್ಬಿ ಅಳುತ್ತಾ ಬಂದಳು. ಶಾಲೆಯಲ್ಲಿ ತಿಮಿಂಗಿಲದ ಪಾಠ ಕೊಟ್ಟಿದ್ದಾರೆ, ತೆರೆದ ಪುಟವೆಲ್ಲ 'ಇದು ನಿಮಗಲ್ಲ' ಅನ್ನುತ್ತಿದೆ. ತಿಮಿಂಗಿಲ ಏನು ತಪ್ಪು ಮಾಡಿತು ಅಂತ ಅವಳ ಪ್ರಶ್ನೆ. ನನಗೂ ತಲೆಬುಡ ತಿಳಿಯಲಿಲ್ಲ.

ದೊಡ್ಡವಳು ಪಾಠ ಓದಿ, ನನ್ನ ಪದಗಳ ಪಟ್ಟಿ ತೋರಿಸಿ ಅಂದಳು. ತೋರಿಸೋಕೆ ನಾಚಿಕೆ. ಕೊನೆಗೆ ಅವಳೇ, ಮುಖ ಬೇರೆ ಕಡೆ ತಿರುಗಿಸಿಕೊಂಡು, "ತಿಮಿಂಗಿಲ ಸಸ್ತನಿ. ಆ ಪದದೊಳಗೆ ನೀವು ಬರೆದ ಯಾವುದೋ ಪದ ಇರಬೇಕು, ನೋಡಿ" ಅಂದಳು. ನೋಡಿದೆ. ಇತ್ತು. ಸಮುದ್ರದಷ್ಟು ದೊಡ್ಡ ಪ್ರಾಣಿಯನ್ನು ಎರಡಕ್ಷರಕ್ಕೆ ಹಿಡಿದು ಕಟ್ಟಿಹಾಕಿದ್ದೆ.

ಅವಳು ಒಂದು ಸಲ ನಕ್ಕಳು. ಅವಳ ಅಮ್ಮನ ಹಾಗೆ, ಬಾಯಿಗೆ ಕೈ ಅಡ್ಡ ಹಿಡಿದು. ಚುರುಕು ಹುಡುಗಿ. ಹೆಂಡತಿ ತನ್ನ ಮಕ್ಕಳನ್ನು ಚೆನ್ನಾಗಿ ಬೆಳೆಸಿದ್ದಾಳೆ.

ಸೆಪ್ಟೆಂಬರ್ 9, ಸೋಮವಾರ

ಮೊಟ್ಟೆ ಸೀದಿತು. ಗುಬ್ಬಿಯ ಒಂದು ಕಾಲುಚೀಲ ಸಿಗಲಿಲ್ಲ, ಒಂದು ನೀಲಿ ಒಂದು ಬಿಳಿ ಹಾಕಿ ಕಳಿಸಿದೆ. ಹೆಂಡತಿ ಇಷ್ಟು ವರ್ಷ ಶಿಫ್ಟ್ ಕೆಲಸವನ್ನೂ ಇದನ್ನೂ ಒಟ್ಟಿಗೆ ಹೇಗೆ ತೂಗಿಸಿದಳೋ, ದೇವರಿಗೇ ಗೊತ್ತು.

ಸೆಪ್ಟೆಂಬರ್ 12, ಗುರುವಾರ

ಕಟ್ಟಡವೊಂದರ ತಾರಸಿಯ ಮೆಷಿನ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೆಂಡತಿ ಫೋನು ತೆಗೆಯುವವರೆಗೆ ಏನಾದರೂ ಮಾಡುತ್ತಿರಬೇಕು.

ನಾಲ್ಕು ಗಂಟೆಯ ವರದಿ ಬಂತು. ದೊಡ್ಡವಳ ಟ್ಯಾಬ್. ತಡೆದ ಹುಡುಕಾಟ ಹದಿನಾಲ್ಕು. ಇಷ್ಟು ದಿನ ಅವಳ ಹೆಸರಿನ ಮುಂದೆ ಸೊನ್ನೆ ಇರುತ್ತಿತ್ತು.

'ಫೋಟೊ ಎಲ್ಲರಿಗೂ ಕಳಿಸ್ತೀನಿ ಅಂತ ಹೆದರಿಸಿದರೆ ಏನು ಮಾಡಬೇಕು.' 'ಅಮ್ಮನಿಗೆ ಗೊತ್ತಾಗದೆ ದೂರು ಕೊಡಬಹುದಾ.' 'ಸಾಯಬೇಕು ಅನ್ನಿಸಿದರೆ ಯಾರ ಹತ್ತಿರ ಮಾತಾಡಬೇಕು.' ಈ ಕೊನೆಯದನ್ನು ನಾಲ್ಕು ಸಲ ಹುಡುಕಿದ್ದಾಳೆ. ನಾಲ್ಕು ಸಲವೂ ಡಬ್ಬಿ ಬಾಗಿಲು ಹಾಕಿದೆ. ಆ ಬೀಗ ಜಡಿದವನು ನಾನೇ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಒತ್ತುವ ಗಂಟೆಯ ತಂತಿಯನ್ನೇ ಕತ್ತರಿಸಿಟ್ಟ ಹಾಗಾಯಿತು.

ಹೆಂಡತಿಯ ಫೋನು ತರಗತಿಯಲ್ಲಿ ಆಫ್ ಆಗಿದೆ. ಮಕ್ಕಳು ಮನೆಗೆ ಬಂದಿರುತ್ತಾರೆ. ಇನ್ನು ಕಾಯುವುದಿಲ್ಲ, ಹೊರಟೆ.

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ರಜೆ ಹಾಕಿದ್ದೇನೆ. ನಿನ್ನೆಯದನ್ನು ಪೂರ್ತಿ ಬರೆದಿಡಬೇಕು.

ದಾರಿಯಲ್ಲಿ ಹೆಂಡತಿಯ ಫೋನು ಬಂತು. ಎಲ್ಲ ಹೇಳಿದೆ. ಅವಳ ಉಸಿರು ಕೇಳುತ್ತಿತ್ತು. "ಬೈಬೇಡಿ. ಫೋನ್ ಮುಂದೆ ಹಿಡಿದು ಇದೇನು ಅಂತ ಕೇಳಬೇಡಿ. ಅವಳ ಪಕ್ಕ ಕೂತ್ಕೊಳ್ಳಿ. ಉತ್ತರ ಬರದೇ ಇದ್ರೂ ಏಳಬೇಡಿ" ಅಂದಳು. ಆಮೇಲೆ, "ನಾನು ಈಗಲೇ ಹೊರಡ್ಲಾ?" ಅಂದಳು. ಒಂದು ಗಂಟೆ ಕೊಡು ಅಂದೆ. ಕೊಟ್ಟಳು. ಆ ದೂರದಲ್ಲಿ ಕೂತು ಒಂದು ಗಂಟೆ ಕೊಡುವುದಕ್ಕೆ ಎಂಥ ಎದೆ ಬೇಕು.

ಗುಬ್ಬಿ ಹಾಲಿನಲ್ಲಿ ಬಣ್ಣ ಬಳಿಯುತ್ತಿದ್ದಳು. ದೊಡ್ಡವಳು ಮಂಚದ ಮೇಲೆ ಮೊಣಕಾಲು ಮಡಿಚಿ ಕೂತಿದ್ದಳು. ನಾನು ಗ್ರೀಸು ಹತ್ತಿದ ಬಟ್ಟೆಯಲ್ಲೇ ನೆಲದ ಮೇಲೆ ಕೂತೆ.

"ವರದಿ ಬಂತು" ಅಂದೆ.

"ಗೊತ್ತು. ಬರಲಿ ಅಂತಲೇ ಹುಡುಕಿದೆ. ಮೊದಲನೇದು ತಡೆದಾಗಲೇ ಗೊತ್ತಾಯ್ತು ನಿಮಗೆ ಕಾಣುತ್ತೆ ಅಂತ. ಉತ್ತರವೂ ಬೇಕಿತ್ತು, ನಿಮಗೆ ಗೊತ್ತಾಗೋದೂ ಬೇಕಿತ್ತು. ಅದಕ್ಕೆ ಹುಡುಕ್ತಾನೇ ಇದ್ದೆ."

"ನಿನಗೆ ಯಾರಾದ್ರೂ..."

"ನನಗಲ್ಲ."

"ಮತ್ತೆ ಯಾರಿಗೆ?"

"ಹೇಳಲ್ಲ. ಮಾತು ಕೊಟ್ಟಿದ್ದೀನಿ."

ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬರ ಮನೆಯ ಮಗುವಿನ ಎದೆಯ ಮೇಲೆ ಅದು ಇದೆ ಅನ್ನುವುದು ಹೊಳೆಯಿತು. ಹೆಸರು ಕೇಳುವುದು ಬಿಟ್ಟೆ. "ಹೆಸರು ಬೇಡ. ಅವಳು ಈಗ ಮನೇಲಿ ಒಬ್ಬಳೇ ಇದ್ದಾಳಾ, ಅದೊಂದು ಹೇಳು" ಅಂದೆ.

ಅವಳ ಮುಖ ಬಿಳಿಚಿಕೊಂಡಿತು. "ಅವರಮ್ಮ ಬರೋದು ಎಂಟಕ್ಕೆ."

ನನ್ನ ಫೋನಿಗೆ ಬೀಗ ಇಲ್ಲವಲ್ಲ. ಅವಳು ಹುಡುಕಿದ ಪ್ರಶ್ನೆಯನ್ನೇ ಅದರಲ್ಲಿ ಹಾಕಿ ಅವಳ ಕೈಗೆ ಕೊಟ್ಟೆ. ಸಹಾಯವಾಣಿಯ ಒಂದು ಪುಟ ಬಂತು. ತುಟಿ ಅಲ್ಲಾಡಿಸುತ್ತಾ ಮೇಲಿಂದ ಕೆಳಗೆ ಓದಿದಳು. ಒಂದು ಸಾಲಿನ ಹತ್ತಿರ ಓದು ನಿಲ್ಲಿಸಿದಳು. 'ಗುಟ್ಟು ಕಾಪಾಡುತ್ತೇನೆ ಎಂದು ಮಾತು ಕೊಡಬೇಡಿ' ಅಂತ ಬರೆದಿತ್ತು.

"ತಪ್ಪು ಮಾಡ್ಬಿಟ್ಟೆ" ಅಂದಳು. ಅಳಲಿಲ್ಲ. ಸ್ವಲ್ಪ ಯೋಚಿಸಿ, "ಆದ್ರೆ ಅವಳಿಗೆ ಹೇಳದೆ ನಿಮಗೆ ಹೇಳಲ್ಲ. ಮೊದಲು ಅವಳ ಹತ್ರ ಹೋಗಿ, ನಾನು ಮಾತು ಮುರೀತೀನಿ ಅಂತ ಅವಳ ಮುಖ ನೋಡ್ಕೊಂಡು ಹೇಳ್ತೀನಿ. ಕರ್ಕೊಂಡು ಹೋಗ್ತೀರಾ?"

ಮಾತು ತಪ್ಪುವಾಗಲೂ ಎದುರಿಗೆ ನಿಂತು ತಪ್ಪಬೇಕು ಅನ್ನುವ ಬುದ್ಧಿ ಅವಳಿಗೆ ಯಾರು ಹೇಳಿಕೊಟ್ಟರು? ನನ್ನ ವಯಸ್ಸಿನವರಲ್ಲೇ ಕಂಡಿಲ್ಲ.

ಗುಬ್ಬಿಯನ್ನೂ ಎತ್ತಿಕೊಂಡು ಸ್ಕೂಟರಿನಲ್ಲಿ ಹೊರಟೆವು. ನಾಲ್ಕು ಬೀದಿ ಆಚೆ. ಗೆಳತಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೊಡ್ಡವಳು ಅವಳನ್ನು ಗುಂಗುರಿ ಅನ್ನುತ್ತಾಳೆ, ತಲೆತುಂಬ ಗುಂಗುರು ಕೂದಲು. ನಾನು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಮೊದಲು ಕೂಗಾಟ ಕೇಳಿತು. "ನೀನೂ ಹೀಗೆ ಮಾಡ್ತೀಯಾ ಅಂತ ಗೊತ್ತಿರಲಿಲ್ಲ" ಅಂತ. ಆಮೇಲೆ ಅಳು. ಗುಬ್ಬಿ ನನ್ನ ತೋಳಿಗೆ ಒರಗಿ ಮೆಟ್ಟಿಲು ಎಣಿಸುತ್ತಿದ್ದಳು. ಬಾಗಿಲು ತೆರೆಯಿತು. "ಬನ್ನಿ, ಅವಳೇ ಹೇಳ್ತಾಳಂತೆ."

ಸಂಗತಿ ಇಷ್ಟು. ಚಿತ್ರ ಬರೆಯುವ ಮಕ್ಕಳ ಆನ್‌ಲೈನ್ ಗುಂಪೊಂದರಲ್ಲಿ ಯಾವುದೋ ಪೀಡೆ ತಾನು ಹುಡುಗಿ ಅಂತ ಹೇಳಿಕೊಂಡು ಗುಂಗುರಿಯ ಸ್ನೇಹ ಬೆಳೆಸಿಕೊಂಡಿದೆ. ಅದು ಹುಡುಗಿಯೇ ಅಲ್ಲ. ಶಾಲೆಯ ಫೋಟೊ ಒಂದನ್ನು ತೆಗೆದುಕೊಂಡು, ಅವಳ ಮುಖವನ್ನು ಯಾವುದೋ ಹಾಳು ಚಿತ್ರಕ್ಕೆ ಅಂಟಿಸಿ, ಹೇಳಿದ್ದು ಕೇಳದಿದ್ದರೆ ಶಾಲೆಗೆಲ್ಲ ಕಳಿಸ್ತೀನಿ ಅಂತ ಮೂರು ವಾರದಿಂದ ಹೆದರಿಸುತ್ತಿದೆ. ಮಗು ಊಟ ಬಿಟ್ಟಿತ್ತು. ಬುಧವಾರ ನನ್ನ ದೊಡ್ಡವಳ ಹತ್ತಿರ, ಇನ್ನು ಬದುಕೋದು ಬೇಡ ಅಂದಿತ್ತು.

ಎಂಟಕ್ಕೆ ಅವರಮ್ಮ ಬಂದರು. ಔಷಧಿ ಅಂಗಡಿಯಲ್ಲಿ ನಿಂತು ನಿಂತು ಸೋತ ಹೆಂಗಸು. ಅರ್ಧ ಕೇಳುವಷ್ಟರಲ್ಲೇ ಮಗಳ ಮೇಲೆ ಕೈ ಎತ್ತಿದರು. ದೊಡ್ಡವಳು ಮಧ್ಯೆ ಹೋಗಿ ನಿಂತಳು.

"ಆಂಟಿ, ಬೈಯೋದನ್ನ ಆಮೇಲೆ ಇಟ್ಕೊಳ್ಳಿ. ಈಗ ಅವಳು ತುಂಬ ಹೆದರಿದ್ದಾಳೆ."

ಎತ್ತಿದ ಕೈ ಹಾಗೇ ನಿಂತಿತು. ಮೆಲ್ಲಗೆ ಮಗಳ ತಲೆಯ ಮೇಲೆ ಇಳಿಯಿತು. ತಾಯಿ ಮಗಳು ಇಬ್ಬರೂ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತರು. ನಾನು ಗುಬ್ಬಿಯನ್ನು ಬಾಲ್ಕನಿಗೆ ಕರೆದುಕೊಂಡು ಹೋದೆ.

ಹೆಂಡತಿಗೆ ಫೋನು ಮಾಡಿದೆ. "ನಿನ್ನ ಮಗಳು..." ಅನ್ನುವಷ್ಟರಲ್ಲಿ ದೊಡ್ಡವಳೇ ಫೋನು ಕಿತ್ತುಕೊಂಡು, "ಅಮ್ಮಾ, ಎಲ್ಲ ಸರಿಯಿದೆ, ನೀನು ಪರೀಕ್ಷೆ ಬರಿ" ಅಂದಳು.

ಸೆಪ್ಟೆಂಬರ್ 14, ಶನಿವಾರ

ಪೊಲೀಸ್ ಠಾಣೆಗೆ ನಾವು ಮೂವರು, ಗುಂಗುರಿ, ಅವರಮ್ಮ, ಐದೂ ಜನ ಹೋದೆವು. ಇಂಥ ದೂರುಗಳಿಗೆಂದೇ ಒಂದು ಕೋಣೆ, ಒಬ್ಬ ಮಹಿಳಾ ಅಧಿಕಾರಿ. ನಾನು ರಾತ್ರಿಯೆಲ್ಲ ಏನೇನು ಹೇಳಬೇಕು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಾಯಿ ತೆರೆದೆ ಅಷ್ಟೇ.

"ನೀನು ಸುಮ್ನಿರು, ನಾನು ಹೇಳ್ತೀನಿ" ಅಂತ ದೊಡ್ಡವಳು ಶಾಲೆಯ ಚೀಲದಿಂದ ಒಂದು ಗಣಿತದ ನೋಟ್‌ಬುಕ್ ತೆಗೆದಳು.

ಹಿಂದಿನ ಪುಟಗಳಲ್ಲಿ ಗೆರೆ ಎಳೆದು ಎಲ್ಲ ಬರೆದಿದ್ದಳು. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರಿನ ಖಾತೆಯಿಂದ ಏನು ಬಂತು. ಖಾತೆ ಹೆಸರು ಬದಲಾಯಿಸಿದ ಎರಡು ಸಲವೂ ಕೆಂಪು ಪೆನ್ನಿನ ಗುರುತು. ಗುಂಗುರಿಗೆ ಒಂದನ್ನೂ ಅಳಿಸಬೇಡ, ಉತ್ತರ ಕೊಡಬೇಡ ಅಂತ ಹೇಳಿದ್ದೂ ಅವಳೇ. ಮನೆಯಲ್ಲಿ ನಾನು ಎಲ್ಲ ಮುಚ್ಚಿದ್ದರಿಂದ ಶಾಲೆಯ ಲೈಬ್ರರಿಯಲ್ಲಿ ಊಟದ ಬಿಡುವಿನಲ್ಲಿ ಓದಿ ತಿಳಿದುಕೊಂಡಳಂತೆ. ಅಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕೂರಿಸುವುದಿಲ್ಲ, ಅದಕ್ಕೇ ಬುಧವಾರ ಸಂಜೆ ಮನೆಯಲ್ಲಿ ಹುಡುಕಿದ್ದು.

ಅಧಿಕಾರಿ ಪುಟ ತಿರುವಿದರು, ಮತ್ತೆ ಹಿಂದೆ ತಿರುವಿದರು. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. "ನನ್ನ ಕೈಕೆಳಗೆ ಕೆಲಸಕ್ಕೆ ಸೇರೋರು ಇಷ್ಟು ನೀಟಾಗಿ ಬರೆಯಲ್ಲ" ಅಂದರು. ಗುಂಗುರಿಯ ಕೈ ಹಿಡಿದು, ತಪ್ಪು ನಿನ್ನದಲ್ಲ ಅನ್ನುವ ಮಾತನ್ನು ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ಆ ಮಗು ತಲೆ ಎತ್ತಿತು.

ಆಮೇಲೆ ನನ್ನ ಕಡೆ ತಿರುಗಿ, "ನೀವು ಇವಳಿಗೆ ಏನಾಗಬೇಕು?" ಅಂದರು.

ಏನು ಹೇಳಬೇಕು ಅಂತ ನಾನು ಹುಡುಕುತ್ತಿದ್ದೆ. ದೊಡ್ಡವಳು ನೋಟ್‌ಬುಕ್ಕಿನಿಂದ ಕಣ್ಣೆತ್ತದೆ, "ನಮ್ಮ ಮನೆಯವರು" ಅಂದಳು. ಹೆಂಡತಿ ಗಂಡನ ಬಗ್ಗೆ ಹೇಳುವ ಮಾತದು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಆದರೆ ಹಾಗೇ ಬರೆದುಕೊಂಡರು.

ಸೆಪ್ಟೆಂಬರ್ 18, ಬುಧವಾರ

ದೊಡ್ಡವಳು ನನಗೆ ಮರ್ಯಾದೆ ಕೊಡುವುದು ಬಿಟ್ಟಿದ್ದಾಳೆ. ಠಾಣೆಯ ದಿನದಿಂದ 'ನೀವು' ಹೋಗಿ 'ನೀನು' ಆಗಿದೆ. "ನೀನು ಮತ್ತೆ ಮೊಟ್ಟೆ ಸೀಯಿಸಿದ್ಯಾ" ಅನ್ನುತ್ತಾಳೆ. ಅವಳನ್ನು ನೋಡಿ ಗುಬ್ಬಿಯೂ ಕಲಿತಿದ್ದಾಳೆ. ಅಮ್ಮ ಬಂದ ಮೇಲೆ ಇಬ್ಬರಿಗೂ ಒಂದು ಮಾತು ಹೇಳಿಸಬೇಕು.

ಗುಂಗುರಿ ಇವತ್ತು ಶಾಲೆಗೆ ಬಂದಳಂತೆ.

ಸೆಪ್ಟೆಂಬರ್ 25, ಬುಧವಾರ

ಅಧಿಕಾರಿಯ ಫೋನು ಬಂತು. ಆಸಾಮಿ ಸಿಕ್ಕಿಬಿದ್ದಿದ್ದಾನೆ. ಬೇರೆ ಊರಿನವನು, ನನ್ನ ವಯಸ್ಸಿನವನು. ಇನ್ನೂ ಆರು ಹೆಣ್ಣುಮಕ್ಕಳನ್ನು ಹೀಗೇ ಹೆದರಿಸುತ್ತಿದ್ದನಂತೆ. ಅವನು ಖಾತೆಯ ಹೆಸರು ಬದಲಾಯಿಸಿದ ಹೊತ್ತು ನೋಟ್‌ಬುಕ್ಕಿನಲ್ಲಿ ಇದ್ದದ್ದರಿಂದ ಹಿಡಿಯೋಕೆ ಸುಲಭವಾಯಿತು ಅಂದರು. "ಆ ಆರು ಮನೆಯವರಿಗೂ ನಿಮ್ಮ ಹುಡುಗಿ ಯಾರು ಅಂತ ಗೊತ್ತಾಗಲ್ಲ. ಆದ್ರೆ ನನಗೆ ಗೊತ್ತಿದೆ ಅಂತ ಅವಳಿಗೆ ಹೇಳಿ."

ಹೇಳಿದೆ. ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು. ಆಮೇಲೆ ಮೊದಲ ಸಲ ಅತ್ತಳು, ಎರಡು ವಾರದಿಂದ ಕಟ್ಟಿಟ್ಟಿದ್ದೆಲ್ಲ ಒಡೆದ ಹಾಗೆ. ಹದಿಮೂರು ವರ್ಷದ ಮಗು ಅನ್ನುವುದು ಇಷ್ಟು ದಿನ ಎಲ್ಲರಿಗೂ ಮರೆತೇ ಹೋಗಿತ್ತು. ನಾನು ಪಕ್ಕದಲ್ಲಿ ನಿಂತು ಉಳಿದ ಪಾತ್ರೆ ಒರೆಸಿದೆ.

ಸೆಪ್ಟೆಂಬರ್ 29, ಭಾನುವಾರ

ರೌಟರ್ ಕಿತ್ತು ಎಸೆಯುತ್ತೇನೆ ಅಂದೆ. ದೊಡ್ಡವಳೇ ಬೇಡ ಅಂದಳು. "ಗುಬ್ಬಿಗೆ ಏಳು ವರ್ಷ. ನಾನು ನೋಡಿದ್ದೆಲ್ಲ ಅವಳು ನೋಡೋದು ಬೇಡ. ಬೀಗ ಇರಲಿ. ಎಲ್ಲಿಗೆ ಹಾಕಬೇಕು ಅನ್ನೋದು ಕೂತು ಮಾತಾಡೋಣ."

ಬೆಳಿಗ್ಗೆ ಮೂವರೂ ಊಟದ ಮೇಜಿಗೆ ಕೂತೆವು. ವಕೀಲರ ಹಾಗೆ ಒಂದೊಂದಾಗಿ ವಾದ ಮಾಡಿದಳು. ಮೈ ಬಗ್ಗೆ, ಕಾಯಿಲೆ ಬಗ್ಗೆ, ದೂರು ಕೊಡೋದರ ಬಗ್ಗೆ, ಸಹಾಯವಾಣಿ ಬಗ್ಗೆ ಇರೋ ಪುಟಗಳು ಯಾರಿಗೂ ಮುಚ್ಚಬಾರದು. ಜೂಜು, ಅಪರಿಚಿತರ ಹರಟೆ, ಹಾಳು ಚಿತ್ರಗಳು ಇಬ್ಬರಿಗೂ ಮುಚ್ಚಿರಲಿ. ತನಗೆ ಬೇಕಾದ ಪುಟ ತಡೆದರೆ ಬಂದು ಕೇಳುತ್ತಾಳೆ, ನಾನು 'ಯಾಕೆ' ಅಂತ ಕೇಳಬಹುದು, ಅವಳು ಹೇಳಿದ್ದನ್ನು ನಂಬಬೇಕು. ತಾನು ಹುಡುಕಿದ ಪದಗಳು ನನ್ನ ಫೋನಿಗೆ ಬರುವುದು ನಿಲ್ಲಬೇಕು.

ಕೊನೆಯದಕ್ಕೆ ತಕರಾರು ಮಾಡಿದೆ. "ಅದು ಬಂದಿದ್ದಕ್ಕೇ ಅಲ್ವಾ ನನಗೆ ಗೊತ್ತಾಗಿದ್ದು?"

"ಇನ್ಮೇಲೆ ನಾನೇ ಹೇಳ್ತೀನಲ್ಲ" ಅಂದಳು.

ಆ ವರದಿ ನಿಲ್ಲಿಸಿದೆ. ನನ್ನ ನಲವತ್ತಾರು ಪದಗಳನ್ನೂ ಅಳಿಸಿದೆ, ಅವಳಿಗೆ ತೋರಿಸದೆ. ಗುಬ್ಬಿಗೂ ಒಂದು ಮಾತು ಹೇಳುವ ಹಕ್ಕು ಕೊಟ್ಟೆವು. ಟ್ಯಾಬ್ ರಾತ್ರಿ ಎಂಟಕ್ಕಲ್ಲ, ಎಂಟೂಕಾಲಿಗೆ ಮಲಗಬೇಕು ಅಂದಳು. ಒಪ್ಪಿದೆವು.

ಅಕ್ಟೋಬರ್ 6, ಭಾನುವಾರ

ಹತ್ತೂವರೆಗೆ ಬಸ್ಸು ಬಂತು. ಹೆಂಡತಿ ಇಳಿದಳು, ಕಣ್ಣ ಕೆಳಗೆ ಕಪ್ಪಾಗಿದೆ. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು. ಆ ಗುರುವಾರದ ಮಾರನೆಯ ದಿನವೇ ಒಂದು ಪರೀಕ್ಷೆ ಬರೆದು ಅದರಲ್ಲೂ ಮೊದಲು. ಈ ಮನೆಯ ಹೆಂಗಸರು ಯಾವುದರಿಂದ ಮಾಡಿದವರೋ ತಿಳಿಯದು.

ಗುಬ್ಬಿ ಅವಳ ಕೊರಳು ಬಿಡಲಿಲ್ಲ. ದೊಡ್ಡವಳು ಅಮ್ಮನ ಎದುರು ಬಂದು ನಿಂತಳು. ಇವಳು ಎರಡೂ ಕೈಯಲ್ಲಿ ಅವಳ ಮುಖ ಹಿಡಿದು ನೋಡಿದಳು, ಜ್ವರ ನೋಡುವ ಹಾಗೆ.

ಊಟವಾದ ಮೇಲೆ ಮಕ್ಕಳು ಗುಂಗುರಿಯ ಮನೆಗೆ ಹೋದರು. ನಾವಿಬ್ಬರೇ ಇದ್ದೆವು. ಇವಳು ನನ್ನ ಮುಂದೆ ಕೂತು, "ನಾನಿಲ್ಲದಾಗ ನನ್ನ ಮಕ್ಕಳನ್ನ ಇಷ್ಟು ಚೆನ್ನಾಗಿ ನೋಡ್ಕೊಂಡ್ರಿ. ನಿಮ್ಮ ಉಪಕಾರ ಯಾವತ್ತೂ ಮರೆಯಲ್ಲ" ಅಂದಳು.

ನನಗೆ ಸಿಟ್ಟು ಬಂತು. ಐದು ವಾರದಲ್ಲಿ ಮೊದಲ ಸಲ ದನಿ ಏರಿಸಿದೆ. "ಇದೇನು ಮಾತು, ಪಕ್ಕದ ಮನೆಯವರ ಹತ್ರ ಮಾತಾಡಿದ ಹಾಗೆ? ನನ್ನ ಮಕ್ಕಳನ್ನ ನಾನು ನೋಡ್ಕೊಂಡ್ರೆ ನಿನಗೆಂಥ ಉಪಕಾರ?"

ಇವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತುಂಬ ಹೊತ್ತು ನೀರಿನ ಸದ್ದು ಬರುತ್ತಿತ್ತು. ಬಂದ ದಿನವೇ ರೇಗಬಾರದಿತ್ತು ಅಂತ ಹಿಂದೆಯೇ ಹೋಗಿ ನೋಡಿದೆ. ತೊಟ್ಟಿಯಲ್ಲಿ ಇದ್ದದ್ದು ಎರಡೇ ಲೋಟ. ಅಷ್ಟು ಹೊತ್ತು ಏನು ತೊಳೆಯುತ್ತಿದ್ದಳೋ.